ನೋಡಾಕ ಒಂದು ಗಿಡ

ನಮ್ಮ ಮನೆಯ ಅಂಗಳದಲ್ಲಿ ಕೆಲಸಕ್ಕೆ ಬಾರದ ಜೀವಗಳು ಎರಡೇ ಇದ್ದವು. ಒಂದು ನಾನು, ಇನ್ನೊಂದು ಅವ್ವ ಊಟಿಯಿಂದ ತಂದ ಗಿಡ. ಇಬ್ಬರೂ ತೆಳ್ಳಗೆ, ಉದ್ದಕ್ಕೆ, ತಲೆ ಮುಂದಕ್ಕೆ ಜೋಲಿಸಿಕೊಂಡು ನಿಲ್ಲುತ್ತಿದ್ದೆವು. ಬಂದ ನೆಂಟರು ಮೊದಲು ನನ್ನನ್ನು ನೋಡಿ, "ಏನ್ ಮಾಡ್ತಾನ್ರಿ ಇವ?" ಎಂದು ಕೇಳುತ್ತಿದ್ದರು. ಆಮೇಲೆ ಗಿಡದ ಕಡೆ ತಿರುಗಿ, "ಏನಕ್ಕ ಬರ್ತೈತ್ರಿ ಇದು?" ಎನ್ನುತ್ತಿದ್ದರು. ಎರಡಕ್ಕೂ ಅಪ್ಪನದು ಒಂದೇ ಉತ್ತರ. ಕೆಮ್ಮುತ್ತಿದ್ದ.

ನನ್ನ ಸಂಗತಿ ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲಿ ಹೆಚ್ಚೇನೂ ಇಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿಯುಸಿ ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದು, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಯ ಕಟ್ಟೆ ಕಾಯುತ್ತಿದ್ದೆ. ಕಿವಿ ಮುಚ್ಚುವಷ್ಟು ಕೂದಲು, ಓಣಿಯ ಕಸ ಗುಡಿಸುವಷ್ಟು ಅಗಲದ ಬೆಲ್ ಬಾಟಂ. ಬರುತ್ತಿದ್ದ ವಿದ್ಯೆ ಒಂದೇ, ಮಂದಿಯ ದನಿ ತೆಗೆಯುವುದು. ಕುರುಗೋಡು ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ "ಮುಂದ ಸರೀರಿ, ಒಳಗ ಹೊಲ ಖಾಲಿ ಐತಿ" ಅನ್ನುವುದು, ಅಜ್ಜಿ ಸೊಸೆಯನ್ನು ಕರೆಯುವ ಮೊದಲು ಎರಡು ಸಲ ನರಳುವುದು, ಇಂಗ್ಲಿಷ್ ಮೇಷ್ಟ್ರು ನನ್ನ ಉತ್ತರಪತ್ರಿಕೆ ಹಿಡಿದು ಕನ್ನಡಕ ಒರೆಸಿಕೊಳ್ಳುವುದು. ಕೊನೆಗೆ ನನ್ನದೇ ದನಿಯಲ್ಲಿ ರಿಸಲ್ಟು ಓದಿ ಅಳುವುದು. ಅದಕ್ಕೆ ಎಲ್ಲರಿಗಿಂತ ಹೆಚ್ಚು ನಗು ಬೀಳುತ್ತಿತ್ತು.

ಇನ್ನು ಗಿಡ. ನಮ್ಮ ಓಣಿಯ ಹೆಣ್ಣುಮಕ್ಕಳು ಒಂದು ಬಸ್ಸು ಮಾಡಿಕೊಂಡು ನಂಜನಗೂಡು, ಮೈಸೂರು, ಊಟಿ ನೋಡಿಕೊಂಡು ಬಂದರು. ಎಲ್ಲರೂ ನೀಲಗಿರಿ ಎಣ್ಣೆ ತಂದರು. ಅವ್ವ ಒಂದು ತಗಡಿನ ಡಬ್ಬಿಯಲ್ಲಿ ಗೇಣುದ್ದದ ಗಿಡ ತಂದಳು. ಊಟಿಯಿಂದ ಬಳ್ಳಾರಿಯ ತನಕ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲವಂತೆ. ಪಕ್ಕದ ಮನೆಯಾಕೆ, "ನಿಮ್ಮವ್ವ ಬಾಣಂತಿ ಕುಂತಂಗ ಕುಂತಿದ್ಲಪ್ಪ, ನಾವು ತಿರುವು ಬಂದಾಗೆಲ್ಲ ವಾಂತಿ ಮಾಡ್ತಿದ್ರ ಈಕಿ ಡಬ್ಬಿ ಮ್ಯಾಲ ಸೆರಗು ಹೊಚ್ತಿದ್ಲು" ಎಂದು ಹೇಳಿದಳು.

ಅದರ ಎಲೆ ಎಲೆಯ ಹಾಗಿರಲಿಲ್ಲ. ನೂಲಿಗೆ ಸಣ್ಣ ಸಣ್ಣ ಹುರುಪೆ ಪೋಣಿಸಿದ ಹಾಗೆ, ಬೂದಿ ಬೆರೆತ ಹಸಿರು. ಟೊಂಗೆ ಮೇಲಕ್ಕೆ ಹೊರಟಂತೆ ಮಾಡಿ, ನಡುವೆ ಮನಸ್ಸು ಬದಲಿಸಿ, ಎಳೆ ಎಳೆಯಾಗಿ ಕೆಳಕ್ಕೆ ಇಳಿಯುತ್ತಿತ್ತು. ಬೆರಳಲ್ಲಿ ತಿಕ್ಕಿದರೆ ಕರ್ಪೂರದಂಥ ವಾಸನೆ. ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ದಾರಿಯಲ್ಲಿ ಹೋಗುತ್ತಾ ನಿಂತು ನೋಡಿ, ಇದು ಸೈಪ್ರಸ್ ಜಾತಿ, ಇಳಿಬೀಳುವುದೇ ಇದರ ಅಂದ, ಚಳಿಯ ನಾಡಿನದು, ಬಳ್ಳಾರಿಯ ಬಿಸಿಲಿಗೆ ಒಂದು ಬೇಸಿಗೆ ದಾಟಿದರೆ ಹೆಚ್ಚು ಎಂದರು. ಹಾಲು ಹಾಕುವ ಸಾಹೇಬರು, "ಅರೆ, ಸರೂ!" ಎಂದು ಅದರ ಉರ್ದು ಹೆಸರು ಹೇಳಿ ಸಂತೋಷಪಟ್ಟರು. ನಾವು ಊಟಿ ಗಿಡ ಎಂದೆವು.

ಅಪ್ಪನಿಗೆ ಹತ್ತಿ ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿ. ರೈತರ ಹತ್ತಿ ಮಾರಿಸಿಕೊಡುವ ದಂಧೆ. ಹತ್ತಿ ಹಿಡಿದು ಹಿಡಿದು ಅವನಿಗೊಂದು ಚಟ ಬಿದ್ದುಬಿಟ್ಟಿತ್ತು. ಕೈಗೆ ಸಿಕ್ಕಿದ್ದನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು ನೋಡುವುದು. ಗಿಡ ಬಂದ ದಿನ ಅದರ ಒಂದು ಕಡ್ಡಿ ಮುರಿದು, ಹಾಗೇ ಎಳೆದ. ಪಟ್ಟನೆ ತುಂಡಾಯಿತು.

"ಎಳಿನ ಇಲ್ಲ ಇದರಾಗ. ಏನಕ್ಕ ಬರ್ತೈತಿ?"

"ನೋಡೂಣಂತ, ಇರಲಿ ಬಿಡ್ರಿ" ಎಂದು ಅವ್ವ ಒಳಗೆ ಹೋದಳು.

ನಮ್ಮ ಅಂಗಳದಲ್ಲಿ ಆ ತನಕ ಪುಕ್ಕಟೆ ನಿಂತ ಗಿಡ ಒಂದೂ ಇರಲಿಲ್ಲ. ಕರಿಬೇವು ಒಗ್ಗರಣೆಗೆ, ನಿಂಬೆ ಉಪ್ಪಿನಕಾಯಿಗೆ, ಕಣಗಿಲ, ಬಿಲ್ವ ಪೂಜೆಗೆ, ಲೋಳೆಸರ ಅಜ್ಜಿಯ ಮೊಣಕಾಲಿಗೆ. ಬೇವಿಗಂತೂ ಹಲ್ಲುಕಡ್ಡಿಯಿಂದ ಯುಗಾದಿಯ ತನಕ ಕೈತುಂಬ ಕೆಲಸ. ಹೀಗಾಗಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಎದುರು ಮನೆಯ ತೆಲುಗು ಅಜ್ಜಿ, "ಏಮಮ್ಮಾ, ಇದಿ ದೇನಿಕಿ ಪನಿಕೊಸ್ತುಂದಿ?" ಎಂದಳು. ಸಾಹೇಬರು ಹಾಲು ಅಳೆಯುತ್ತಾ, "ಇದ್ರುದು ಫಾಯ್ದೆ ಏನು ಅಮ್ಮಾ?" ಎಂದರು. ಸಂಜೆ ನಾನು ಕಟ್ಟೆಯ ಮೇಲೆ ನಿಂತು ಎಲ್ಲರ ದನಿಯಲ್ಲೂ ಆ ಪ್ರಶ್ನೆ ಕೇಳಿ ಓಣಿಯನ್ನು ನಗಿಸುತ್ತಿದ್ದೆ. ಅವ್ವ ಕೂಡ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಉತ್ತರ ಮಾತ್ರ ಕೊಡುತ್ತಿರಲಿಲ್ಲ.

ಗಿಡ ಮಾರಿದವನು ಅರ್ಧ ತಮಿಳಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿಕೊಟ್ಟಿದ್ದನ್ನು ಅವ್ವ ಚಾಚೂ ತಪ್ಪದೆ ಮಾಡುತ್ತಿದ್ದಳು. ಮಣ್ಣು ಸಡಿಲಾಗಿರಬೇಕು, ಕಲ್ಲು ಬೆರೆತಿರಬೇಕು, ನೀರು ನಿಲ್ಲಬಾರದು. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತ್ತು. ಇದರ ತುದಿ ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ, ಕೋಲಿಗೆ ಕಟ್ಟಬೇಕು. ಎಲ್ಲಿಯವರೆಗೆ ಕಟ್ಟುತ್ತೇವೋ ಅಲ್ಲಿಯವರೆಗೆ ಏರುತ್ತದೆ, ಬಿಟ್ಟ ಜಾಗದಿಂದ ಇಳಿಯುತ್ತದೆ.

"ನನ್ನನ್ನೂ ಒಂದು ಕೋಲಿಗೆ ಕಟ್ಟಬೇಕಿತ್ತಬೇ" ಎಂದೆ.

"ಕಟ್ಟಿದ್ವಿ. ಹರಕೊಂಡಿ" ಎಂದಳು ಅವ್ವ.

ಬಾಯಿ ಒಡೆದ ಒಂದು ದೊಡ್ಡ ಗಡಿಗೆಗೆ ತಳದಲ್ಲಿ ತೂತು ಕೊರೆದು, ಕೆಂಪು ಮಣ್ಣು, ಕಲ್ಲಿನ ಚೂರು ತುಂಬಿ ನೆಟ್ಟಳು. ಬಿದಿರು ಕೋಲಿಗೆ ಹಳೆ ಸೀರೆಯ ಅಂಚಿನಿಂದ ಕಟ್ಟಿದಳು. ಬೇಸಿಗೆಯಲ್ಲಿ ಪಡುವಣ ಬಿಸಿಲಿಗೆ ಅಡ್ಡವಾಗಿ ಒದ್ದೆ ಗೋಣಿಚೀಲ ತೂಗುಹಾಕಿದಳು. ಮೇಷ್ಟ್ರು ಹೇಳಿದ್ದ ಒಂದು ಬೇಸಿಗೆ ದಾಟಿತು, ಇನ್ನೊಂದೂ ದಾಟಿತು. ಮೂರನೆಯ ಯುಗಾದಿಗೆ ಗಿಡ ನನ್ನ ಸೊಂಟದ ಮಟ್ಟ ಬಂದಿತ್ತು. ಅಷ್ಟರಲ್ಲಿ ನಾನೂ ಇಂಗ್ಲಿಷ್ ದಾಟಿ ಬಿಕಾಂಗೆ ಸೇರಿದ್ದೆ. ಬೆಳವಣಿಗೆ ಇಬ್ಬರದೂ ನಿಧಾನ.

ಆಗ ಸಿರುಗುಪ್ಪದಿಂದ ದೊಡ್ಡಪ್ಪ ಬಂದ.

ದೊಡ್ಡಪ್ಪ ಅಪ್ಪನ ಅಣ್ಣ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನು. ವರ್ಷದ ಅಕ್ಕಿಯನ್ನು ತಾನೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದು ಹಾಕುತ್ತಿದ್ದ. ಅವನು ನಕ್ಕರೆ ಮೊದಲು ಹೊಟ್ಟೆ ಅಲುಗಾಡಿ ಆಮೇಲೆ ಸದ್ದು ಹೊರಗೆ ಬರುತ್ತಿತ್ತು. ಗೇಣುದ್ದ ಇದ್ದಾಗ ಅವನ ಕಣ್ಣಿಗೆ ಬಿದ್ದಿರದ ಗಿಡವನ್ನು ಈ ಸಲ ಅಂಗಳಕ್ಕೆ ಕಾಲಿಟ್ಟವನೇ ನೋಡಿ ನಿಂತುಬಿಟ್ಟ.

"ಏನಲೇ ಇದು! ನೀರಿಲ್ದ ಹೆಂಗ ಜೋತು ಬಿದ್ದೈತಿ! ಗಡಿಗ್ಯಾಗ ಇಟ್ಟು ಕೊಲ್ಲಾಕತ್ತೀರಲ್ಲ ಪಾಪ!"

ಈ ತಪ್ಪು ನಮ್ಮ ಕಡೆಯ ಮಂದಿಯೇ ಮಾಡಬೇಕು. ಇಲ್ಲಿ ಯಾವುದಾದರೂ ಗಿಡ ತಲೆ ಬಗ್ಗಿಸಿತೆಂದರೆ ಅದಕ್ಕೆ ಅರ್ಥ ಒಂದೇ, ನೀರಡಿಕೆ. ಅದನ್ನು ಕಂಡೂ ಕಾಣದವನಂತೆ ಹೋದರೆ ಪಾಪ ಸುತ್ತಿಕೊಳ್ಳುತ್ತದೆ. ದೊಡ್ಡಪ್ಪನ ಮನಸ್ಸು ಮೊದಲೇ ಮೆದು. ಮುಂದಿನ ವಾರವೇ ತನ್ನ ಗದ್ದೆಯ ನೀರು ಹಿಡಿದಿಡುವ ಎರೆಮಣ್ಣು ಚೀಲಗಟ್ಟಲೆ ತಂದ. ಗೇಟಿನ ಪಕ್ಕ ಕುಣಿ ತೋಡಿ, ಎರೆ ತುಂಬಿ, ಗಡಿಗೆ ಒಡೆದು ಗಿಡ ಇಳಿಸಿ, ಸುತ್ತ ಬದು ಹಾಕಿ, ಥೇಟು ಭತ್ತದ ಮಡಿಯ ಹಾಗೆ ಪಾತಿ ಮಾಡಿದ. ಬಕೀಟುಗಟ್ಟಲೆ ನೀರು ನಿಲ್ಲಿಸಿದ.

ಅವ್ವ ಬಾಗಿಲ ಹಿಂದಿದ್ದಳು. ನಮ್ಮಲ್ಲಿ ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಮಾತಾಡುವುದಿಲ್ಲ. ಜಗಳವಿಲ್ಲ, ಅಂಜಿಕೆಯೂ ಅಲ್ಲ, ರೂಢಿ. ಹೇಳುವುದಿದ್ದರೆ ಸೆರಗು ಎಳೆದುಕೊಂಡು, ಅಲ್ಲೇ ಇರುವ ಕೂಸಿಗೋ ಬೆಕ್ಕಿಗೋ ಹೇಳಿದಂತೆ ಹೇಳಬೇಕು. ಭಾವನೂ ಆ ಬೆಕ್ಕಿಗೇ ಉತ್ತರ ಕೊಡುತ್ತಾನೆ. ಇಪ್ಪತ್ತೈದು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ಬಹಳ ಗೌರವದಿಂದ ಹೀಗೇ ಸಂಭಾಳಿಸಿಕೊಂಡು ಬಂದಿದ್ದರು. ನಮ್ಮ ಮನೆಯಲ್ಲಿ ಆ ಬೆಕ್ಕು ನಾನು.

"ಹೇಳಪ್ಪ ನಿಮ್ಮ ದೊಡ್ಡಪ್ಪಗ, ನೀರು ನಿಂತ್ರ ಅದಕ್ಕ ಆಗಂಗಿಲ್ಲಂತ" ಎಂದಳು ಅವ್ವ ಮೆಲ್ಲಗೆ.

ನಾನು ಸುಮ್ಮನೆ ಹೇಳಿದ್ದರೆ ಆಗುತ್ತಿತ್ತು. ಆದರೆ ಕೈಯಲ್ಲಿ ಟವೆಲ್ ಇತ್ತು. ಅದನ್ನು ತಲೆಯ ಮೇಲೆ ಸೆರಗಿನ ಹಾಗೆ ಹೊದ್ದು, ಒಂದು ತುದಿ ಹಲ್ಲಲ್ಲಿ ಕಚ್ಚಿ, ಸೊಂಟ ಬಳುಕಿಸಿ, ಸಣ್ಣ ದನಿ ತೆಗೆದು ಹೇಳಿದೆ:

"ಭಾವಾರ, ನೀರು ನಿಂತ್ರ ಅದಕ್ಕ ನೆಗಡಿ ಬರ್ತೈತಂತ್ರೀ."

ದೊಡ್ಡಪ್ಪನ ಹೊಟ್ಟೆ ಅಲುಗಾಡಿತು. "ನೆಗಡಿ ಬಂದ್ರ ಕಷಾಯ ಕುಡಸಂತ ಹೇಳಲೇ!" ಎಂದು ಇನ್ನೊಂದು ಬಕೀಟು ಸುರಿದ.

ಅವನು ಹೋದ ಮೇಲೆ ಅವ್ವ ಬೈಯಲಿಲ್ಲ. "ನಾ ಹೇಳಿದ್ದ ಬ್ಯಾರೆ, ಅವ್ರಿಗೆ ಮುಟ್ಟಿದ್ದ ಬ್ಯಾರೆ ಆತಲ್ಲಪ್ಪ" ಎಂದಳು, ಅಷ್ಟೇ. ಮುಂದೆ ಅವನು ಬಂದಾಗೆಲ್ಲ ಇದೇ ಆಟ. ಅವ್ವ ಒಂದು ಹೇಳುವಳು, ನಾನು ಅದಕ್ಕೆ ಕೊಂಬು ಬಾಲ ಹಚ್ಚುವೆನು, ದೊಡ್ಡಪ್ಪ ನಗುವನು, ಪಾತಿ ತುಂಬುವುದು. ಹೋಗುವಾಗ ಅಪ್ಪನಿಗೆ ತಾಕೀತು: "ನಳ ಬಂದ ದಿನ ಇದಕ್ಕ ಮೊದ್ಲು ಬಿಡು." ಅಪ್ಪ ಗಿಡವನ್ನು ಎಂದೂ ಕಣ್ಣೆತ್ತಿ ನೋಡಿದವನಲ್ಲ, ಆದರೆ ಅಣ್ಣ ಹೇಳಿದ ಮೇಲೆ ಮುಗಿಯಿತು. ಓಣಿಯಲ್ಲಿ ಕೊಡ ಕೊಡಕ್ಕೆ ಜಗಳವಾಡುವಾಗ ನಮ್ಮ ಗೇಟಿನ ಬಳಿ ಒಂದು ಪುಟ್ಟ ಕೆರೆ ನಿಂತಿರುತ್ತಿತ್ತು. ದಾರಿಹೋಕರೂ ಚೆಂಬಿನಲ್ಲಿ ಉಳಿದದ್ದನ್ನು, "ಪಾಪ, ಹೆಂಗ ಜೋತೈತಿ" ಎಂದು ಸುರಿದು ಹೋಗುತ್ತಿದ್ದರು. ಒಳಗಡೆಯ ಎಳೆಗಳು ಹಳದಿಯಾಗತೊಡಗಿದವು.

ಅದೇ ಮಳೆಗಾಲದ ಶುರುವಿನಲ್ಲಿ ಅಪ್ಪನ ಸ್ಕೂಟರ್ ಬಂತು. ಸ್ಕೂಟರ್ ಅಂದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಮಗ ಪಾಸಾಗುವುದಕ್ಕಿಂತ ಸ್ಕೂಟರ್ ಬರುವುದೇ ಮೊದಲಾಗಬಹುದೆಂದು ಅಪ್ಪ ಮಾರ್ಕೆಟ್ಟಿನಲ್ಲಿ ಹೇಳಿದ್ದನಂತೆ. ನಾನು ಸ್ವಲ್ಪದರಲ್ಲಿ ಗೆದ್ದಿದ್ದೆ. ನೀಲಿ ಬಣ್ಣದ್ದು. ಗೇಟು ದಾಟಿದರೆ ಅದು ನಿಲ್ಲುವಂಥ ಜಾಗ ಒಂದೇ, ಊಟಿ ಗಿಡ ಇದ್ದದ್ದು.

ಅಪ್ಪ ಪಾತಿಯ ಸುತ್ತ ಒಂದು ಸುತ್ತು ಹಾಕಿದ. "ಇದನ್ನ ತಗಸಿ ಇಲ್ಲೊಂದು ತಗಡು ಹೊದಸೂಣು" ಎಂದ. ಅವ್ವನ ಮುಖ ಆಗ ಹೇಗಿತ್ತೆಂದು ನಾನು ಹೇಳಲಾರೆ, ಅವಳು ರೊಟ್ಟಿ ಬಡಿಯುತ್ತಿದ್ದಳು, ಬೆನ್ನು ಕಾಣುತ್ತಿತ್ತು. ರೊಟ್ಟಿಯ ಸದ್ದು ನಿಂತದ್ದು ಮಾತ್ರ ಕೇಳಿಸಿತು.

ಗಿಡವನ್ನು ಉಳಿಸಿದ್ದು ಅಜ್ಜಿ. ಉಳಿಸಬೇಕೆಂದು ಉಳಿಸಿದ್ದಲ್ಲ. ಅಜ್ಜಿ ಅಪ್ಪನ ತಾಯಿ, ಗಿಡ ಬಂದಾಗಿನಿಂದ ಅದಕ್ಕೂ ನನ್ನ ಕೂದಲಿಗೂ ಒಟ್ಟಿಗೇ ಕತ್ತರಿ ಹಾಕಿರೆಂದು ಹೇಳುತ್ತಿದ್ದವಳು. ಅವಳ ಕಣ್ಣು ಮಂಜಾಗಿತ್ತು. ಒಂದು ಸೋಮವಾರ ಜಳಕ, ಲಿಂಗಪೂಜೆ ಮುಗಿಸಿ ಹೊರಗೆ ಬಂದಾಗ ರಾತ್ರಿಯ ಮಳೆಹನಿ ಎಳೆ ಎಳೆಯಿಂದ ತೊಟ್ಟಿಕ್ಕುತ್ತಿತ್ತು, ಹಿಂದಿನಿಂದ ಬಿಸಿಲು ಬಿದ್ದಿತ್ತು. ಅಜ್ಜಿ ಅಲ್ಲೇ ನಿಂತಳು.

"ಯಪ್ಪಾ ಶಿವನ! ಜಡಿ ಬಿಟ್ಕೊಂಡು ಗಂಗಮ್ಮನ್ನ ಹೊತ್ತು ನಿಂತಂಗ ನಿಂತಾನಲ್ಲ!"

ಮೂರು ಬೆರಳಲ್ಲಿ ಕಾಂಡಕ್ಕೆ ವಿಭೂತಿ ಎಳೆದಳು. ಕೈ ಮುಗಿದಳು.

"ಅಜ್ಜೀ, ಅದು ಮೂರು ವರ್ಷದ ಹಿಂದ ಊಟಿಯಿಂದ ಬಸ್ಸಿನ್ಯಾಗ ಬಂದೈತಿ" ಎಂದೆ.

"ದೇವರು ಬಸ್ಸಿನ್ಯಾಗ ಬರಬಾರದೇನಲೇ?"

ಗಿಡ ಕೀಳಲು ಅಪ್ಪ ಕರೆಸಿದ್ದ ಆಳು ಗುದ್ದಲಿ ಎತ್ತಿದವನು ವಿಭೂತಿ ಕಂಡು ಕೆಳಗಿಟ್ಟ. "ಸಾವ್ಕಾರ್ರ, ಇದಕ್ಕ ನಾ ಕೈ ಹಚ್ಚಂಗಿಲ್ರಿ. ನಮ್ಮನ್ಯಾಗ ಸಣ್ಣ ಸಣ್ಣ ಹುಡುಗ್ರದಾವ್ರಿ" ಎಂದ. ಅಪ್ಪ ತಾಯಿಯ ಮುಖ ನೋಡಿದ, ಆಳಿನ ಮುಖ ನೋಡಿದ, ಸ್ಕೂಟರ್ ನೋಡಿದ. ಅದಕ್ಕೆ ಒಂದು ಹಳೆ ತಾಡಪಾಲು ಹೊದಿಸಿ ಕರಿಬೇವಿನ ಪಕ್ಕ ವಾರೆಯಾಗಿ ನಿಲ್ಲಿಸಿದ.

ಗಿಡ ಉಳಿಯಿತು ಅಂದುಕೊಂಡೆವು. ಅವ್ವನೊಬ್ಬಳು ಹಾಗೆ ಅಂದುಕೊಳ್ಳಲಿಲ್ಲ. ದೇವರಾದ ಮೇಲೆ ಓಣಿಯ ಹೆಣ್ಣುಮಕ್ಕಳೆಲ್ಲ ಸೋಮವಾರ ಸೋಮವಾರ ತಂಬಿಗೆ ಹಿಡಿದು ಬರತೊಡಗಿದರು. ನೀರು, ಹಾಲು, ಒಮ್ಮೆ ಯಾರೋ ಮಜ್ಜಿಗೆ ಕೂಡ. ಅವ್ವ ಒಂದು ಮಧ್ಯಾಹ್ನ ಪಾತಿಯ ಬದಿಯಲ್ಲಿ ಕೂತು ಬೆರಳು ಮಣ್ಣಿಗೆ ಚುಚ್ಚಿ ತೆಗೆದು ಮೂಸಿ ನೋಡಿದಳು. ನನ್ನ ಮೂಗಿಗೂ ಹಿಡಿದಳು. ಗಟಾರದ ವಾಸನೆ. ಕೈಗೆ ಬಂದ ಎಳೆ ಸವರಿದರೆ ಹುರುಪೆಯೆಲ್ಲ ಕಂದು ಪುಡಿಯಾಗಿ ಉದುರಿತು.

"ಅತ್ತೀ, ನೀರು ಸಾಕು ಮಾಡೂಣೇನ್ರಿ?" ಎಂದು ಅಜ್ಜಿಯನ್ನು ಕೇಳಿದಳು.

ಅಜ್ಜಿ ಎರಡು ಸಲ ನರಳಿ, "ದೇವರಿಗೆ ನೀರು ಸಾಕು ಅಂತ ಹೇಳಾಕ ನಾನ್ಯಾರವ್ವ, ನೀನ್ಯಾರವ್ವ?" ಎಂದಳು.

ಕತೆ ಅಲ್ಲಿಗೆ ಬಂದು ಸಿಕ್ಕಿಕೊಂಡಿತು. ಅದು ದೇವರು ಅಂದರೆ ನೀರು ಕುಡಿದು ಸಾಯುತ್ತದೆ. ದೇವರಲ್ಲ ಅಂದರೆ ಸ್ಕೂಟರಿಗೆ ಜಾಗ ಬಿಟ್ಟು ಹೋಗುತ್ತದೆ. ಅದು ಬದುಕಬೇಕಾದರೆ, ಇದು ಯಾತಕ್ಕೂ ಬರುವುದಿಲ್ಲ, ಆದರೂ ಇರಲಿ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಮಾತನ್ನು ನನ್ನ ವಿಷಯದಲ್ಲಿ ಕೂಡ ಯಾರೂ ಆಡಿರಲಿಲ್ಲ.

ಶ್ರಾವಣದ ಒಂದು ಸೋಮವಾರ ದೊಡ್ಡಪ್ಪ ಬಂದ. ಗಿಡಕ್ಕೆ ವಿಭೂತಿ, ಹೂವು, ಬುಡದಲ್ಲಿ ನೀರು ತುಂಬಿ ನಿಂತಿದ್ದು ಕಂಡು ಅವನಿಗೆ ಹಿಗ್ಗೋ ಹಿಗ್ಗು. ಅರ್ಧ ಗಿಡ ಕಂದಾದದ್ದು ಕಂಡು ಮಾತ್ರ, "ಬಿಸಿಲು ಜಾಸ್ತಿ ಆಗೈತಲೇ, ಇನ್ನೂ ನೀರು ಬೇಡ್ತೈತಿ" ಎಂದು ತಾನೇ ಹೌದಿಯಿಂದ ಬಕೀಟು ತುಂಬಿಕೊಂಡು ಬಂದ. ಅಜ್ಜಿ ಕಟ್ಟೆಯ ಮೇಲಿದ್ದಳು. ಅಪ್ಪ ಸ್ಕೂಟರ್ ಒರೆಸುತ್ತಿದ್ದ. ಅದನ್ನು ಓಡಿಸುತ್ತಿದ್ದುದಕ್ಕಿಂತ ಒರೆಸುತ್ತಿದ್ದುದೇ ಹೆಚ್ಚು.

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. "ಹೇಳಪ್ಪ ನಿಮ್ಮ ದೊಡ್ಡಪ್ಪಗ..."

ನನ್ನ ಟವೆಲ್ ಆಗಲೇ ತಲೆಯ ಮೇಲಿತ್ತು. ದೊಡ್ಡಪ್ಪನ ಹೊಟ್ಟೆಯೂ ಅಲುಗಾಡಲು ತಯಾರಾಗಿತ್ತು. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಮಾತು ಅಲ್ಲಿಗೇ ಬಿಟ್ಟು, ಹೊಸ್ತಿಲು ದಾಟಿ, ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಸೆರಗು ತಲೆಯ ಮೇಲಿತ್ತು, ಮುಖ ಬಿಚ್ಚಿತ್ತು.

"ಭಾವಾರ, ಬಕೀಟು ಕೆಳಗಿಡ್ರಿ."

ಅಪ್ಪನ ಕೈಯ ಅರಿವೆ ನಿಂತಿತು. ದೊಡ್ಡಪ್ಪ ಬಕೀಟು ಎತ್ತಿದಲ್ಲೇ ಹಿಡಿದು, ರೂಢಿಯಂತೆ ನನ್ನ ಕಡೆ ತಿರುಗಿದ. "ಏನಂತಲೇ ನಿಮ್ಮವ್ವ?"

ಕೇಳಿಸಿರಲಿಲ್ಲವೆಂದಲ್ಲ. ಮಾತು ಬರುವ ಹಾದಿ ತಪ್ಪಿತ್ತು ಪಾಪ. ನಾನು ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡೆ. "ಬಕೀಟು ಕೆಳಗ ಇಡಬೇಕಂತ, ದೊಡ್ಡಪ್ಪ" ಎಂದೆ. ಯಾರ ದನಿಯನ್ನೂ ತೆಗೆಯದೆ ಮಾತಾಡಿ ಬಹಳ ದಿನವಾಗಿತ್ತು.

"ನೀರಿಂದ ಸಾಯಾಕತ್ತೈತ್ರಿ ಅದು" ಎಂದಳು ಅವ್ವ. "ದೇವರಲ್ಲ, ಭತ್ತಾನೂ ಅಲ್ಲ. ಗಿಡ. ಅದು ಹುಟ್ಟಿದ್ದ ಜೋತುಬೀಳಾಕ. ನೀರಡಸಿ ಜೋತಿಲ್ಲ."

ಅಪ್ಪ ಅರಿವೆ ಝಾಡಿಸಿದ. "ದೇವರಲ್ಲಂದ್ರ ಮತ್ತ ಏನಕ್ಕ ಬರ್ತೈತಿ? ಈ ಸ್ಕೂಟರ್ ಎಲ್ಲಿ ನಿಂದರಸ್ಲಿ ನಾನು?"

"ನೋಡಾಕ ಬರ್ತೈತಿ."

"ನೋಡಾಕ?"

"ಹ್ಞೂಂ, ನೋಡಾಕ. ಈ ಮನಿಗೆ ಬಂದಾಗಿಂದ ಏನ್ ಹಚ್ಚಿದ್ರೂ ಹರಿಯಾಕ, ಅರೆಯಾಕ, ದೇವರಿಗೆ ಏರಸಾಕ ಹಚ್ಚೀನಿ. ಇದೊಂದು ನಾ ನೋಡಾಕ ತಂದೀನಿ. ತಗಸೂದಾದ್ರ ತಗಸ್ರಿ. ಆದ್ರ ದೇವರು ಅನಿಸ್ಕೊಂಡು ಕೊಳೀಬಾರದು ಅದು."

ಇಷ್ಟು ಉದ್ದದ ಮಾತನ್ನು ಅವ್ವ ಅಂಗಳದಲ್ಲಿ ನಿಂತು ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಎದುರು ಮನೆಯ ತೆಲುಗು ಅಜ್ಜಿ ತಂಬಿಗೆ ಹಿಡಿದು ಗೇಟಿನ ತನಕ ಬಂದವಳು, ಹಾಗೇ ಹಿಮ್ಮುಖವಾಗಿ ಮನೆಗೆ ನಡೆದಳು.

ಮೊದಲು ಬಾಯಿಬಿಟ್ಟವಳು ಅಜ್ಜಿ. "ಮತ್ತ ನಾ ಹಚ್ಚಿದ ವಿಭೂತಿ?"

"ಅದಿರಲಿ ಬಿಡ್ರಿ ಅತ್ತಿ. ನೀರಷ್ಟ ಬ್ಯಾಡ."

ದೊಡ್ಡಪ್ಪ ಬಕೀಟು ಕೆಳಗಿಟ್ಟ. ಗುದ್ದಲಿ ತಂದು ಬದು ಒಡೆದ, ನೀರು ಗೇಟಿನ ಆಚೆ ಹರಿದುಹೋಯಿತು. ಒಂದು ಮಗ್ಗುಲು ಮೆಲ್ಲಗೆ ಕೆದರಿ ಬೇರು ಹಿಡಿದು ನೋಡಿದ. ಕಪ್ಪಗೆ, ಮೆತ್ತಗೆ, ಸಿಪ್ಪೆ ಕೈಗೇ ಜಾರಿ ಬಂತು. ಅದನ್ನು ಮೂಸಿ ನೋಡಿ ಕೈ ಪಂಚೆಗೆ ಒರೆಸಿಕೊಂಡು, ಗಿಡದ ಕಡೆಗೇ ಮುಖಮಾಡಿ ನನಗೆ ಹೇಳಿದ:

"ಹೇಳಲೇ ನಿಮ್ಮವ್ವಗ. ಭತ್ತದ ಕಣ್ಣೀಲೆ ನೋಡಿದೆ, ತಪ್ಪಾತು. ಇನ್ನೊಂದು ಮಗ್ಗಲ ಬೇರು ಜೀವ ಐತಿ. ಯಾವ ಮಣ್ಣು ಬೇಕು, ಅದ ಹೇಳಾಕ ಹೇಳು."

ಅವ್ವ ಅಷ್ಟರಲ್ಲಿ ಬಾಗಿಲ ಹಿಂದೆ ಹೋಗಿಯಾಗಿತ್ತು. "ಕಲ್ಲು ಬೇಕು" ಎಂದು ಅಲ್ಲಿಂದಲೇ ಕೇಳಿಸಿತು.

ಕಲ್ಲು ಅಂದರೆ ಅವಳ ತವರು ಕುರುಗೋಡು. ಕುರುಗೋಡು ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದರೆ ಸಾಕು, ಸುದ್ದಿ ಮಾವನಿಗೆ ಮುಟ್ಟುತ್ತಿತ್ತು. ಮಾವ ಅವ್ವನ ತಮ್ಮ. ಮರುದಿನವೇ ಗುಡ್ಡದ ಬುಡದ ಗರಸು ಮಣ್ಣು, ಕಲ್ಲಿನ ಚೂರು ಚೀಲಗಳಲ್ಲಿ ತುಂಬಿ ಬಸ್ಸಿನ ಟಾಪಿಗೆ ಹೇರಿಸಿಕೊಂಡು ಬಂದ. ಕಂಡಕ್ಟರ್, "ಬಳ್ಳಾರ್ಯಾಗ ಕಲ್ಲಿಗೆ ಬರ ಬಿದ್ದೈತೇನ್ರಿ? ಕಣ್ಣೆದುರಿಗೆ ಎಲ್ಡು ಗುಡ್ಡ ನಿಂತಾವಲ್ಲ!" ಎಂದು ಕೇಳಿದನಂತೆ. ಮಾವ, "ತವರುಮನಿ ಕಲ್ಲು ಬ್ಯಾರೆನಪ್ಪ, ನಿನಗ ತಿಳಿಯಂಗಿಲ್ಲ" ಎಂದನಂತೆ. ಇದನ್ನು ನಾನು ಇಬ್ಬರ ದನಿಯಲ್ಲೂ ಇವತ್ತಿಗೂ ಮಾಡಿ ತೋರಿಸುತ್ತೇನೆ.

ದೊಡ್ಡಪ್ಪನೂ ಊರಿಗೆ ಹೋಗದೆ ನಿಂತ. ಎರೆಮಣ್ಣು ತೆಗೆದು ಗೇಟಿನ ಹೊರಗೆ ಹಾಕಿದರು. ಗಿಡ ಎತ್ತಿ, ಸತ್ತ ಬೇರು ಕತ್ತರಿಸಿ, ಅಂಗಳದ ಮಟ್ಟಕ್ಕಿಂತ ಮೊಣಕಾಲೆತ್ತರ ಗರಸಿನ ದಿಬ್ಬ ಕಟ್ಟಿ ಅದರ ಮೇಲೆ ಕೂರಿಸಿದರು. ಇಬ್ಬರದೂ ಬಾಯಿಗೆ ಬಿಡುವಿರಲಿಲ್ಲ.

"ಈ ಕಲ್ಲಾಗ ಏನ್ ಬೆಳೀತೀರಪ್ಪ ನೀವು ಕುರುಗೋಡಿನೋರು?"

"ಮಂದೀನ ಬೆಳೀತೀವ್ರಿ. ನಿಮ್ಮಂಗ ಕೆಸರಾಗ ಕುಂದರಂಗಿಲ್ಲ."

ಸ್ಕೂಟರ್ ವಿಷಯ ಯಾರೂ ಎತ್ತಲಿಲ್ಲ. ಅಪ್ಪ ಮಾರ್ಕೆಟ್ಟಿನಿಂದ ಒಂದು ಅಗಲ ಹಲಗೆ ತಂದು ಮೆಟ್ಟಿಲಿಗೆ ಆನಿಸಿ, ನನಗೆ "ಹಿಂದಿಂದ ದಬ್ಬಲೇ" ಎಂದ. ಇಬ್ಬರೂ ಸೇರಿ ಅದನ್ನು ಪಡಸಾಲೆಗೆ ಹತ್ತಿಸಿದೆವು. ಅಂದಿನಿಂದ ಸ್ಕೂಟರ್ ಅಜ್ಜಿಯ ಮಂಚದ ಪಕ್ಕ ಮಲಗುತ್ತದೆ. ಪೆಟ್ರೋಲ್ ವಾಸನೆಗೆ ತಲೆ ಸುತ್ತುತ್ತದೆಂದು ಅಜ್ಜಿ ನಾಲ್ಕು ದಿನ ನರಳಿದಳು. ಐದನೆಯ ದಿನ ನಾನು ಎದ್ದು ನೋಡುವಾಗ ಸ್ಕೂಟರಿನ ಹೆಡ್‌ಲೈಟಿಗೆ ಮೂರು ಬೆರಳಿನ ವಿಭೂತಿ ಇತ್ತು, ಮೇಲೊಂದು ಕಣಗಿಲ ಹೂವು. ಓಣಿಯವರು ಅದಕ್ಕೆ ನೀರು ಹಾಕಲು ಬರಲಿಲ್ಲ, ಅದೊಂದು ಪುಣ್ಯ.

ಗಿಡ ಪೂರಾ ಉಳಿಯಲಿಲ್ಲ. ಪಡುವಣ ಮಗ್ಗುಲು ಒಣಗಿ ಕಡ್ಡಿಯಾಯಿತು, ಅವ್ವ ಅದನ್ನು ಕತ್ತರಿಸಿದಳು. ಉಳಿದ ಅರ್ಧ ಒಂದು ವರ್ಷ ಹಾಗೇ ನಿಂತಿತ್ತು, ಸತ್ತಿದೆಯೋ ಇದೆಯೋ ಹೇಳಲು ಬರದ ಹಾಗೆ. ಮರು ಮಳೆಗಾಲಕ್ಕೆ ತುದಿಯಲ್ಲಿ ಬೂದುಹಸಿರು ಮೊಳಕೆ ಕಂಡಿತು. ಅವ್ವ ಹೊಸ ಕೋಲು ನೆಟ್ಟಳು. ಅದು ಏರಿದಂತೆಲ್ಲ ಸೀರೆಯಂಚಿನ ಕಟ್ಟು ಏರಿತು. ಅವಳ ನೆತ್ತಿಯ ಮಟ್ಟಕ್ಕೆ ಬಂದಾಗ ಒಂದು ದಿನ ಗಂಟು ಬಿಚ್ಚಿದಳು.

"ಇನ್ನೂ ಮ್ಯಾಲ ಕಟ್ಟೂಣಬೇ. ನಾ ಏಣಿ ಹಿಡೀತೀನಿ" ಎಂದೆ.

"ಏಣಿ ಹತ್ತಿ ನೋಡಾಕ ನನಗಾಗಂಗಿಲ್ಲ. ಇಷ್ಟು ಸಾಕು."

ಅಲ್ಲಿಂದ ಅದು ಇಳಿಯತೊಡಗಿತು. ಈಗ ಕೆಳಗಿನ ಎಳೆಗಳು ದಿಬ್ಬದ ಕಲ್ಲಿಗೆ ತಾಗುತ್ತವೆ. ನಾನು ಬಿಕಾಂ ಮುಗಿಸಿ ಅಪ್ಪನ ಅಂಗಡಿಯಲ್ಲಿ ಹತ್ತಿ ಎಳೆದು ನೋಡುವುದನ್ನು ಕಲಿಯುತ್ತಿದ್ದೇನೆ. ಕೂದಲಿಗೂ ಕತ್ತರಿ ಬಿದ್ದಿದೆ. ಹೀಗಾಗಿ ಅಂಗಳದಲ್ಲಿ ಕೆಲಸಕ್ಕೆ ಬಾರದ ಜೀವ ಒಂದೇ ಉಳಿದಿದೆ. ಹೊಸ ನೆಂಟರು ಬಂದು ಅಪ್ಪನನ್ನು ಅದೇ ಪ್ರಶ್ನೆ ಕೇಳುತ್ತಾರೆ. ಅಪ್ಪ ಮೊದಲಿನ ಹಾಗೇ ಕೆಮ್ಮುತ್ತಾನೆ. ಆದರೆ ಕೆಮ್ಮಿ ಮುಗಿಸಿದ ಮೇಲೆ, "ಒಳಗದಾಳ, ಆಕಿನ್ನ ಕೇಳ್ರಿ" ಎನ್ನುತ್ತಾನೆ. ದೊಡ್ಡಪ್ಪ ಬಂದಾಗ ಅವ್ವ ಈಗಲೂ ಬಾಗಿಲ ಹಿಂದೆಯೇ ನಿಂತು "ಹೇಳಪ್ಪ ನಿಮ್ಮ ದೊಡ್ಡಪ್ಪಗ" ಎಂದೇ ಶುರುಮಾಡುತ್ತಾಳೆ. ನಾನು ಬಾಯಿ ತೆರೆದರೆ ದೊಡ್ಡಪ್ಪ ಕೈ ಅಡ್ಡ ಹಿಡಿಯುತ್ತಾನೆ. "ನೀ ಸುಮ್ನಿರಲೇ. ನನಗ ಕೇಳಿಸ್ತೈತಿ." ಬೆಕ್ಕಿನ ನೌಕರಿ ಹೋಯಿತು.

ಗೆಳೆಯರು ಸೇರಿದಾಗ, ನಿಮ್ಮವ್ವ ಅಂಗಳದಾಗ ಮಾತಾಡಿದ್ದು ಮಾಡಲೇ ಎನ್ನುತ್ತಾರೆ. ಮಾಡಿದ್ದೇನೆ. ಟವೆಲ್ ಹೊದ್ದು, ಮೆಟ್ಟಿಲಿಳಿದು, "ನೋಡಾಕ" ಎಂದಿದ್ದೇನೆ. ಅವರು ನಗುತ್ತಾರೆ. ನಗು ಬಂತೆಂದರೆ ದನಿ ತಪ್ಪಿತೆಂದೇ ಲೆಕ್ಕ. ಅವತ್ತು ಯಾರೂ ನಕ್ಕಿರಲಿಲ್ಲ.

ಸಂಜೆ ದೀಪ ಹಚ್ಚುವ ಮೊದಲು ಅವ್ವ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ಬೋಳು ಮಗ್ಗುಲು ಕಾಣದ ಹಾಗೆ ಸ್ವಲ್ಪ ಬಲಕ್ಕೆ. ಕೈಯಲ್ಲಿ ಮೊರ ಇರುವುದಿಲ್ಲ, ಬಿಡಿಸುವ ಸೊಪ್ಪು ಇರುವುದಿಲ್ಲ, ಹೊಸೆಯುವ ಬತ್ತಿಯೂ ಇರುವುದಿಲ್ಲ. ಎರಡೂ ಕೈ ಸುಮ್ಮನೆ ತೊಡೆಯ ಮೇಲೆ. ಮೊನ್ನೆ ಅಂಗಡಿಯಿಂದ ಬಂದವನು ಗೇಟು ದಾಟಿ ಅವಳ ಮುಂದೆ ನಿಂತು, ನಮ್ಮ ನೆಂಟರ ದನಿ ತೆಗೆದು ಕೇಳಿದೆ:

"ಏನ್ ಮಾಡಾಕತ್ತೀರಿ ಯಮ್ಮಾ?"

ಅವ್ವ ಕತ್ತು ವಾರೆ ಮಾಡಿ ನನ್ನ ಪಕ್ಕದಿಂದ ಆಚೆ ನೋಡಿದಳು.

"ಅತ್ತಾಗ ಸರಿಯಲೇ. ಅಡ್ಡ ನಿಂತೀ."